ದನ ಕಟ್ಟಿದ ಮನೆ, ದನ ಎಳೆದ ಮನೆ

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಒಂಟಿ ಮನೆಗಳಿಗೆ ಮದುವೆ ಕರೆಯಲು ಹೋದವರಿಗೆ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಬರ್ತೀವಿ, ಆದ್ರೆ ಇಬ್ರೂ ಬರೋಕಾಗಲ್ಲ. ದನ ಕರೆಯೋರು ಯಾರು?’ ಅದು ತಪ್ಪಿಸಿಕೊಳ್ಳುವ ನೆವವಲ್ಲ. ಕೊಟ್ಟಿಗೆಯಲ್ಲಿ ಕರೆಯುವ ಹಸು ಒಂದಿದ್ದರೆ ಸಾಕು, ಆ ಮನೆಯ ಗಂಡ-ಹೆಂಡತಿ ಒಟ್ಟಿಗೆ ಧರ್ಮಸ್ಥಳಕ್ಕೆ ಹೋಗಿ ಒಂದು ರಾತ್ರಿ ಉಳಿದು ಬರುವುದೂ ದೊಡ್ಡ ಏರ್ಪಾಟು. ಪಕ್ಕದ ಮನೆ ಗುಡ್ಡದಾಚೆ. ಅಲ್ಲಿಂದ ಯಾರಾದರೂ ದೊಡ್ಡ ಮನಸ್ಸು ಮಾಡಿ ಬಂದರೂ ಹಸು ಹೊಸ ಕೈಗೆ ಸೊರೆ ಬಿಡಬೇಕಲ್ಲ! ಹಾಗಾಗಿ ಗಂಡ ಮದುವೆಗೆ, ಹೆಂಡತಿ ಮರುದಿನದ ಬೀಗರೂಟಕ್ಕೆ. ಮೂವತ್ತು ವರ್ಷ ಸಂಸಾರ ಮಾಡಿಯೂ ಜೋಡಿಯಾಗಿ ಬಸ್ಸು ಹತ್ತಿದ್ದನ್ನು ಬೆರಳಲ್ಲಿ ಎಣಿಸಿ ಹೇಳುವ ದಂಪತಿಗಳು ನಮ್ಮಲ್ಲಿ ಈಗಲೂ ಇದ್ದಾರೆ.

ಇಂಥ ನಾಡಿನ ರಸ್ತೆಗಳಲ್ಲಿ ಈಚೆಗೆ ಮನೆಯನ್ನೇ ಗಾಲಿಯ ಮೇಲೆ ಕೂರಿಸಿಕೊಂಡ ವ್ಯಾನುಗಳು ಆಗೊಮ್ಮೆ ಈಗೊಮ್ಮೆ ಕಣ್ಣಿಗೆ ಬೀಳುತ್ತವೆ. ಒಳಗೆ ಮಡಚುವ ಹಾಸಿಗೆ, ಪುಟ್ಟ ಒಲೆ, ನೀರಿನ ಟ್ಯಾಂಕು. ಮೇಲೆ ಸೋಲಾರ್ ಫಲಕ. ಕಿಟಕಿಯಲ್ಲಿ ಮೂತಿ ಚಾಚಿದ ನಾಯಿ. ಗಂಡ-ಹೆಂಡತಿ ಬಾಡಿಗೆ ಮನೆ ಖಾಲಿ ಮಾಡಿ, ಸಾಮಾನು ಮಾರಿ, ನಾಯಿ-ಬೆಕ್ಕಿನೊಂದಿಗೆ ಊರೂರು ಸುತ್ತುತ್ತಾ ಬದುಕುವುದು ಅಮೆರಿಕದಲ್ಲಿ ಹಳೆಯ ಸಂಗತಿ. ಅಲ್ಲಿ ಕಾರಿನ ಹಿಂದೆ ಎಳೆದುಕೊಂಡು ಹೋಗುವ ಟ್ರೇಲರ್ ಮನೆಗಳು 1930ರ ದಶಕದಿಂದಲೇ ಜನಪ್ರಿಯ. ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಟ್ರಕ್ಕಿನ ಮೇಲೆ ಮನೆ ಕಟ್ಟಿಸಿಕೊಂಡು, ಚಾರ್ಲಿ ಎಂಬ ನಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದೇಶ ಸುತ್ತಿದ. ಅದೇ ಅವನ ಪುಸ್ತಕವೂ ಆಯಿತು. ನಮ್ಮಲ್ಲಿ ಟ್ರೇಲರ್ ಅಂದರೆ ಟ್ರ್ಯಾಕ್ಟರ್ ಹಿಂದಿನದು. ಗೊಬ್ಬರ, ಅಡಿಕೆ ಮೂಟೆ, ಗಣಪತಿ ಮೆರವಣಿಗೆ ಎಲ್ಲಕ್ಕೂ ಅದೇ. ಅದರಲ್ಲಿ ಸಂಸಾರ ಹೂಡುವ ಯೋಚನೆ ನಗು ತರಿಸೀತು. ಆದರೆ ನಗುವ ಮೊದಲು ಕಬ್ಬಿನ ಸೀಮೆಯನ್ನು ಒಮ್ಮೆ ನೋಡಿ ಬರಬೇಕು. ಆ ಮಾತಿಗೆ ಆಮೇಲೆ ಬರುತ್ತೇನೆ.

ಇದೆಲ್ಲ ಹೊರಗಿನಿಂದ ಬಂದ ಹೊಸ ಹುಚ್ಚು ಎಂದು ಮೂಗು ಮುರಿಯುವವರು ಸಾಗರದ ಬಳಿಯ ಇಕ್ಕೇರಿಯ ಅಘೋರೇಶ್ವರನ ಗುಡಿಯ ಎದುರು ನಿಂತು ನಾನೂರು ವರ್ಷ ಹಿಂದಕ್ಕೆ ಹೋಗಬೇಕು. ಹೆಂಡತಿ, ಗಂಟುಮೂಟೆ ಎಂದು ಹನ್ನೆರಡು ವರ್ಷ ಮನೆಯಿಲ್ಲದೆ ತಿರುಗಿದ ಒಬ್ಬ ಮನುಷ್ಯ ಇಲ್ಲಿಗೆ ಬಂದಿದ್ದ.

ಇಕ್ಕೇರಿಗೆ ಬಂದ ಅಲೆಮಾರಿ

ಅವನ ಹೆಸರು ಪಿಯೆತ್ರೊ ಡೆಲ್ಲಾ ವಾಲೆ. ರೋಮ್ ನಗರದ ಸಿರಿವಂತ ಮನೆತನದವನು, 1586ರಲ್ಲಿ ಹುಟ್ಟಿದವನು. ಪ್ರೀತಿಸಿದ ಹುಡುಗಿ ಕೈತಪ್ಪಿದ ಬೇಸರಕ್ಕೆ ಯಾತ್ರೆ ಹೊರಟ. 1614ರಲ್ಲಿ ವೆನಿಸ್‌ನಿಂದ ಹಡಗು ಹತ್ತಿ ಇಸ್ತಾಂಬುಲ್, ಈಜಿಪ್ಟ್, ಜೆರುಸಲೇಮ್, ಅಲೆಪ್ಪೊ ದಾಟಿ ಬಾಗ್ದಾದ್ ಮುಟ್ಟಿದ. ಅಲ್ಲಿ 1616ರಲ್ಲಿ ಸಿತ್ತಿ ಮಾನಿ ಎಂಬ ಕ್ರೈಸ್ತ ಯುವತಿಯನ್ನು ಮದುವೆಯಾದ. ಮದುವೆಯಾದ ಮೇಲೆ ಮನೆಗೆ ಮರಳಬೇಕಿತ್ತು, ಲೋಕರೂಢಿ ಅದೇ. ಇವರಿಬ್ಬರೂ ಇನ್ನೂ ಮೂಡಣಕ್ಕೆ ಹೊರಟರು. ಇಸ್ಫಹಾನ್, ಅಲ್ಲಿಂದ ಪರ್ಷಿಯಾದ ದೊರೆ ಷಾ ಅಬ್ಬಾಸನ ಬಿಡಾರ ಎಲ್ಲೆಲ್ಲಿ ಕದಲಿತೋ ಅಲ್ಲಲ್ಲಿಗೆ. ಐದು ವರ್ಷ ಅವರ ಸಂಸಾರ ನಡೆದದ್ದು ಬಾಡಿಗೆ ಮನೆ, ಡೇರೆ ಮತ್ತು ಒಂಟೆಯ ಬೆನ್ನಿನ ಮೇಲೆ.

ಪ್ರಾಣಿಗಳ ವಿಷಯ ಬರುವುದು ಇಲ್ಲೇ. 1620ರಲ್ಲಿ ಇಸ್ಫಹಾನಿನಿಂದ ಗೆಳೆಯನಿಗೆ ಬರೆದ ಪತ್ರದಲ್ಲಿ ಡೆಲ್ಲಾ ವಾಲೆ ಖೊರಾಸಾನ್ ಸೀಮೆಯ ಬೆಕ್ಕುಗಳನ್ನು ಬಾಯಿತುಂಬ ಹೊಗಳುತ್ತಾನೆ. ಬೂದು ಬಣ್ಣ, ರೇಷ್ಮೆಯಂಥ ಉದ್ದ ಕೂದಲು, ಅಳಿಲಿನ ಬಾಲದಂತೆ ಪೊದೆಗಟ್ಟಿದ ಬಾಲ. ಕೆಲವು ಜೋಡಿ ಇಟಲಿಗೆ ಒಯ್ಯಬೇಕೆಂಬ ಆಸೆಯನ್ನೂ ಬರೆಯುತ್ತಾನೆ. ಇವತ್ತು ಬೆಂಗಳೂರಿನ ಫ್ಲಾಟುಗಳಲ್ಲಿ ಸೋಫಾದ ಮೇಲೆ ಮಲಗುವ ಪರ್ಷಿಯನ್ ಬೆಕ್ಕಿನ ವಂಶಚರಿತ್ರೆ ಬರೆಯುವವರೆಲ್ಲ ಈತನ ಹೆಸರಿನಿಂದಲೇ ಶುರು ಮಾಡುವುದು.

1621ರ ಡಿಸೆಂಬರ್ 30ರಂದು, ಹೊರ್ಮುಜ್ ಬಳಿಯ ಮಿನಾಬ್‌ನಲ್ಲಿ ಜ್ವರದಿಂದ ಮಾನಿ ತೀರಿಕೊಂಡಳು. ಆಗಿನ್ನೂ ಇಪ್ಪತ್ತಮೂರು ವಯಸ್ಸು. ಅವಳನ್ನು ಪರದೇಶದ ಮಣ್ಣಿನಲ್ಲಿ ಬಿಟ್ಟು ಹೋಗಲು ಗಂಡನಿಗೆ ಮನಸ್ಸಾಗಲಿಲ್ಲ. ದೇಹ ಕೆಡದಂತೆ ಮದ್ದು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು, ಸರಕಿನ ನಡುವೆ ಮುಚ್ಚಿಟ್ಟು ಜೊತೆಗೇ ಒಯ್ದ. ಅವರ ಆಶ್ರಯದಲ್ಲಿ ಬೆಳೆಯುತ್ತಿದ್ದ ಮರಿಯುಚ್ಚಾ ಎಂಬ ಜಾರ್ಜಿಯಾದ ತಬ್ಬಲಿ ಹುಡುಗಿಯೂ ಜೊತೆಗಿದ್ದಳು. 1623ರ ಆರಂಭದಲ್ಲಿ ಸೂರತ್‌ಗೆ ಬಂದಿಳಿದು, ಖಂಭಾತ್, ಅಹಮದಾಬಾದ್ ನೋಡಿ ಗೋವಾ ಸೇರಿದರು. ಅಲ್ಲಿ ಹುಡುಗಿಯನ್ನು ಪೋರ್ಚುಗೀಸ್ ಮಹಿಳೆಯೊಬ್ಬಳ ಮನೆಯಲ್ಲಿ ಬಿಡಬೇಕಾಯಿತು. ಆ ವರ್ಷದ ಅಕ್ಟೋಬರಿನಲ್ಲಿ ಪೋರ್ಚುಗೀಸರು ಇಕ್ಕೇರಿಯಲ್ಲಿದ್ದ ಕೆಳದಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ರಾಯಭಾರಿಯನ್ನು ಕಳಿಸಿದಾಗ ಡೆಲ್ಲಾ ವಾಲೆಯೂ ನೋಡುವ ಕುತೂಹಲಕ್ಕೆ ಕೂಡಿಕೊಂಡ.

ಹೊನ್ನಾವರದಿಂದ ದೋಣಿಯಲ್ಲಿ ಶರಾವತಿಯ ಮೇಲ್ಮುಖವಾಗಿ ಗೇರುಸೊಪ್ಪೆ. ತಾನು ಕಂಡ ಅತಿ ಚೆಲುವಾದ ನದಿಗಳಲ್ಲಿ ಇದೂ ಒಂದು ಎಂದು ಬರೆದ. ಆಮೇಲೆ ಪಲ್ಲಕ್ಕಿಯಲ್ಲಿ ಘಾಟಿ ಹತ್ತಿದ್ದು ಹೆಚ್ಚುಕಡಿಮೆ ಇಂದಿನ ಹೊನ್ನಾವರ-ಸಾಗರ ಹೆದ್ದಾರಿಯ ದಿಕ್ಕಿನಲ್ಲೇ. ದಾರಿಯ ಹನುಮಂತನ ಗುಡಿಯೊಂದರ ಜಗಲಿಯಲ್ಲಿ ಕೆಲವು ಹುಡುಗರು ಗುರುವಿಲ್ಲದೆ ತಾವೇ ಲೆಕ್ಕ ಕಲಿಯುತ್ತಿದ್ದರು. ನೆಲಕ್ಕೆ ನುಣ್ಣನೆಯ ಮರಳು ಹರಡಿ, ಬೆರಳಿನಲ್ಲಿ ಅಂಕಿ ಬರೆಯುವುದು, ಜೊತೆಗೆ ಎಲ್ಲರೂ ರಾಗವಾಗಿ ಹೇಳುವುದು, ನೆಲ ತುಂಬಿದರೆ ಮತ್ತೆ ಮರಳು ಚೆಲ್ಲುವುದು. ಕಾಗದವೂ ಇಲ್ಲ, ಶಾಯಿಯೂ ಇಲ್ಲ. ಭಾರತದ ಶಿಕ್ಷಣದ ಇತಿಹಾಸ ಬರೆಯುವವರು ಈಗಲೂ ಎತ್ತಿ ತೋರಿಸುವ ಈ ಚಿತ್ರ ನಮ್ಮ ಘಾಟಿಯದು ಎಂಬುದು ಇಲ್ಲಿನ ಎಷ್ಟು ಮೇಷ್ಟರಿಗೆ ಗೊತ್ತಿದೆಯೋ!

ಇನ್ನೊಂದು ಸಂಗತಿ ನನಗೆ ಅದಕ್ಕಿಂತ ಇಷ್ಟ. ಸೆಗಣಿ ಸಾರಿಸಿದ ನೆಲವನ್ನು ಕಂಡು ಆತ ಬೆರಗಾದ. ನುಣುಪಾಗಿ, ಹೊಳೆಯುತ್ತ, ಚೊಕ್ಕವಾಗಿರುವ ಈ ನೆಲವನ್ನು ಇಟಲಿಗೆ ಮರಳಿದ ಮೇಲೆ ಪ್ರಯೋಗ ಮಾಡಿ ನೋಡಬೇಕು, ಇದು ಪಿಡುಗನ್ನೂ ದೂರ ಇಡುತ್ತದಂತೆ ಎಂದು ಬರೆದುಕೊಂಡ. ಮನೆ ಬಿಟ್ಟು ಒಂಬತ್ತು ವರ್ಷವಾಗಿದ್ದ ಮನುಷ್ಯನಿಗೆ ನಮ್ಮ ಹಜಾರದ ನೆಲ ನೋಡಿ ಮನೆಯ ನೆನಪಾಯಿತಲ್ಲ!

ಇಕ್ಕೇರಿಯಲ್ಲಿ ಅವನಿಗೆ ಎದುರಾದ ಇನ್ನೊಂದು ದೃಶ್ಯದ ಬಗ್ಗೆ ಬರೆಯಲು ಕೈ ತಡೆಯುತ್ತದೆ. ನವೆಂಬರ್ ನಡುವೆ ಕುದುರೆಯ ಮೇಲೆ ಕುಳಿತ ಹೆಂಗಸೊಬ್ಬಳು, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು ಹಿಡಿದು ಬೀದಿಯಲ್ಲಿ ಸಾಗುತ್ತಿದ್ದಳು. ಗಂಡ ತೀರಿಹೋಗಿದ್ದ, ಸಹಗಮನಕ್ಕೆ ಹೊರಟವಳು. ಅವಳ ಹೆಸರನ್ನು ಆತ ಬರೆದಿರುವ ರೀತಿ ನೋಡಿದರೆ ಜಕ್ಕಮ್ಮ ಇರಬೇಕು. ಡೆಲ್ಲಾ ವಾಲೆ ಅವಳ ಮನೆಗೇ ಹೋಗಿ, ಮಕ್ಕಳ ಮುಖ ನೋಡು ಎಂದು ಬೇಡಿಕೊಂಡ. ಅವಳು ಕೇಳಲಿಲ್ಲ. ಸತ್ತ ಹೆಂಡತಿಯನ್ನು ಬಿಡಲಾಗದೆ ದೇಹವನ್ನೇ ಹೊತ್ತು ತಿರುಗುತ್ತಿದ್ದ ಗಂಡ, ಗಂಡನಿಲ್ಲದ ಮನೆಯಲ್ಲಿ ಇರಲೊಲ್ಲದ ಹೆಂಡತಿ. ಇಬ್ಬರೂ ಇಕ್ಕೇರಿಯಲ್ಲಿ ಎದುರುಬದುರು ಕುಳಿತು ಮಾತಾಡಿದ್ದರು. ಅವಳಿಗಾದರೋ ಮಕ್ಕಳಿದ್ದವು. ಸಹಗಮನವನ್ನು ತ್ಯಾಗ ಎಂದು ಕೊಂಡಾಡಿದವರ ಮೇಲೆ ನನಗಂತೂ ಸಿಟ್ಟಿದೆ.

ಇಲ್ಲಿಂದ ಆತ ಬಸರೂರು, ಮಂಗಳೂರು ಕಡೆ ಇಳಿದ, ಉಳ್ಳಾಲದ ರಾಣಿಯನ್ನು ಕಂಡ, ಗೋವಾಕ್ಕೆ ಮರಳಿದ. 1626ರ ಮಾರ್ಚ್‌ನಲ್ಲಿ ರೋಮ್ ತಲುಪಿದಾಗ ಊರು ಬಿಟ್ಟು ಹನ್ನೆರಡು ವರ್ಷವಾಗಿತ್ತು. ಮಾನಿಯ ದೇಹವನ್ನು ತನ್ನ ಮನೆತನದ ಸಮಾಧಿಯಲ್ಲಿ ಮಣ್ಣು ಮಾಡಿಸಿದ. ಮುಂದೆ ಮರಿಯುಚ್ಚಾಳನ್ನೇ ಮದುವೆಯಾಗಿ ಹದಿನಾಲ್ಕು ಗಂಡುಮಕ್ಕಳ ತಂದೆಯಾದ. ಅಷ್ಟು ಮಕ್ಕಳಾದ ಮೇಲೆ ತಿರುಗಾಟ ತಾನಾಗಿ ನಿಂತಿತು. ಇಂಡಿಯಾದ ಪತ್ರಗಳು 1892ರಲ್ಲಿ ಹಕ್ಲೂಯ್ಟ್ ಸೊಸೈಟಿಯ ಎರಡು ಸಂಪುಟಗಳಾಗಿ ಇಂಗ್ಲಿಷಿನಲ್ಲಿ ಬಂದಿವೆ. ಕೆಳದಿ ಅರಸರ ಬಗ್ಗೆ ಬರೆಯುವ ಯಾರೂ ಅವನ್ನು ದಾಟಿ ಹೋಗುವಂತಿಲ್ಲ.

ಎತ್ತೇ ಎಂಜಿನ್ನು

ಡೆಲ್ಲಾ ವಾಲೆ ಬಗ್ಗೆ ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಅವನ ಒಂಟೆ-ಕುದುರೆಗಳು ಸಂಸಾರವನ್ನು ಹೊತ್ತು ನಡೆದವು, ಅವನು ಒಯ್ಯಬಯಸಿದ ಬೆಕ್ಕುಗಳು ಪುಕ್ಕಟೆ ಪಯಣಿಗರು. ಮಲೆನಾಡಿನ ನಮಗೆ ಮೂರನೆಯ ಬಗೆಯ ಪ್ರಾಣಿ ಮಾತ್ರ ಗೊತ್ತು: ಮನೆಯನ್ನು ಗೂಟಕ್ಕೆ ಕಟ್ಟಿಹಾಕುವ ಪ್ರಾಣಿ. ಹಗ್ಗ ದನದ ಕೊರಳಲ್ಲಿ ಕಾಣುತ್ತದೆ, ಇನ್ನೊಂದು ತುದಿ ನಮ್ಮ ಕಾಲಿನಲ್ಲಿರುತ್ತದೆ. ಆದರೆ ಕನ್ನಡ ನಾಡಿನಲ್ಲೇ ದನ-ಕುರಿಗಳು ಮನೆಯನ್ನು ಕಟ್ಟಿಹಾಕದೆ ಎಳೆದುಕೊಂಡು ಹೋದ ಜನ ಎಷ್ಟೋ ಇದ್ದಾರೆ.

ಮೊದಲ ಹೆಸರು ಲಂಬಾಣಿಗಳದು. ರೈಲು, ಲಾರಿ ಬರುವ ಮೊದಲು ಉಪ್ಪು, ಧಾನ್ಯ, ಸಂಬಾರ ಪದಾರ್ಥ ಹೇರಿಕೊಂಡು ಘಟ್ಟ ಹತ್ತಿ ಇಳಿದದ್ದು ಅವರ ಹೇರೆತ್ತುಗಳು. ದಂಡು ಹೋದಲ್ಲಿ ದವಸ ಮುಟ್ಟಿಸಿದವರೂ ಅವರೇ. ಎತ್ತಿನ ಹಿಂಡಿನೊಂದಿಗೆ ಹೆಂಡತಿ, ಮಕ್ಕಳು, ಕಾವಲು ನಾಯಿ, ಅಡುಗೆ ಪಾತ್ರೆ ಎಲ್ಲವೂ ನಡೆಯುತ್ತಿದ್ದವು. ರಾತ್ರಿ ಮೂಟೆಗಳನ್ನು ಸುತ್ತ ಪೇರಿಸಿದರೆ ಅದೇ ಗೋಡೆ. ಲಂಬಾಣಿಗಳ ಆರಾಧ್ಯ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸೂರಗೊಂಡನಕೊಪ್ಪ ಶಿವಮೊಗ್ಗೆಗೆ ದೂರವೇನಲ್ಲ, ಈಗಿನ ನ್ಯಾಮತಿ ತಾಲ್ಲೂಕಿನಲ್ಲಿದೆ. ಪ್ರತಿ ಫೆಬ್ರುವರಿಯಲ್ಲಿ ಅಲ್ಲಿಗೆ ಬರುವ ಜನರ ಅಜ್ಜಂದಿರ ಎತ್ತುಗಳು ರೈಲಿನ ಎದುರು ಸೋತವು. ಬೀರೂರಿನಿಂದ ಶಿವಮೊಗ್ಗೆಗೆ 1899ರಲ್ಲಿ ರೈಲು ಬಂತು, 1940ರ ಹೊತ್ತಿಗೆ ತಾಳಗುಪ್ಪದವರೆಗೆ ಹಳಿ ಚಾಚಿತು. ತಾಂಡಾಗಳು ನಿಂತಲ್ಲೇ ನಿಂತವು.

ಎರಡನೆಯವರು ಹೆಳವರು. ಇವರ ಬಗ್ಗೆ ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ, ಕ್ಷಮಿಸಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡ, ಹಾವೇರಿ ಸೀಮೆಗಳಲ್ಲಿ ರೈತ ಮನೆತನಗಳ ವಂಶಾವಳಿಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಅಲೆಮಾರಿಗಳು. ಮೊದಲು ನಾಲಗೆಯ ಮೇಲೆ, ಆಮೇಲೆ ದಪ್ಪ ದಪ್ಪ ಹೊತ್ತಿಗೆಗಳಲ್ಲಿ. ಕೆಲವು ವರ್ಷಕ್ಕೊಮ್ಮೆ ಊರ ಹೊರಗಿನ ಮರದಡಿ ಬಂದು ಇಳಿಯುತ್ತಾರೆ: ಕಮಾನು ಕಟ್ಟಿದ ಬಂಡಿ, ಎತ್ತು, ಹಿಂದೆ ಕಟ್ಟಿದ ಹಸು-ಕರು, ಬಂಡಿಯ ಕೆಳಗೆ ನಾಯಿ, ಬುಟ್ಟಿಯಲ್ಲಿ ಕೋಳಿ. ಬೆಳಗಿನ ಜಾವ ಮನೆಯ ಮುಂದೆ ನಿಂತು ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಹೇಳುತ್ತಾರೆ. ಹಿಂದಿನ ಸಲ ಬಂದಾಗಿನಿಂದ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಹಣ, ಕೆಲವೊಮ್ಮೆ ಒಂದು ಕರು ಅವರ ಕಾಣಿಕೆ.

‘ಹೆಳವ’ ಅಂದರೆ ಕಾಲಿಲ್ಲದವನು. ಎತ್ತಿನ ಮೇಲೆ ಕೂತು, ಕಾಲನ್ನು ಕಂಬಳಿಯಲ್ಲಿ ಮುಚ್ಚಿಕೊಂಡು ಊರು ಪ್ರವೇಶಿಸುವುದು ಅವರ ಹಳೆಯ ಪದ್ಧತಿ. ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಬಗ್ಗೆ 1909ರಲ್ಲಿ ಬಂದ ಥರ್ಸ್ಟನ್‌ನ ಗ್ರಂಥದಲ್ಲೂ ಅದರ ಪ್ರಸ್ತಾಪವಿದೆ. ವಿಚಿತ್ರ ನೋಡಿ: ಇಡೀ ನಾಡನ್ನು ಸುತ್ತುವವರಿಗೆ ಕಾಲಿಲ್ಲದವರೆಂದು ಹೆಸರು. ಅವರ ಕಾಲು ಎತ್ತಿನದು. ಇನ್ನೂ ವಿಚಿತ್ರವೆಂದರೆ, ಒಂದೇ ಊರಲ್ಲಿ ಬೇರು ಬಿಟ್ಟ ನಮಗೆ ಮುತ್ತಜ್ಜನ ಅಪ್ಪನ ಹೆಸರು ಗೊತ್ತಿಲ್ಲ. ಬೇರೇ ಇಲ್ಲದ ಈ ಜನರ ಬಂಡಿಯಲ್ಲಿ ನೂರಾರು ಮನೆತನಗಳ ಬೇರು ಜೋಪಾನವಾಗಿದೆ. ಈಗ ಹಲವರು ಬಂಡಿ ಬಿಟ್ಟು ಟಂಟಂ, ಮಿನಿ ಲಾರಿ ಹಿಡಿದಿದ್ದಾರೆ. ಎತ್ತು ಹೋಯಿತು, ತಿರುಗಾಟ ನಿಂತಿಲ್ಲ.

ಕುರಿಗಾಹಿಗಳದು ಇನ್ನೊಂದೇ ಲೆಕ್ಕ. ದೀಪಾವಳಿ ಕಳೆದು ಬೆಳೆ ಕೊಯ್ಲಾದ ಮೇಲೆ ಬಯಲುಸೀಮೆಯ ಹಿಂಡುಗಳು ಹುಲ್ಲು-ನೀರು ಹುಡುಕುತ್ತ ಹೊರಡುತ್ತವೆ. ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಹಿಕ್ಕೆ-ಗಂಜಲವೇ ಗೊಬ್ಬರ; ಹೊಲದವನು ಅದಕ್ಕೆ ಕಾಳೋ ಹಣವೋ ಕೊಡುತ್ತಾನೆ. ಕುದುರೆ ಇಲ್ಲವೇ ಕತ್ತೆಯ ಮೇಲೆ ಹೊರೆ, ಹೊರೆಯ ಮೇಲೆ ಬಲೆಯ ಚೀಲದಲ್ಲಿ ಆಗಷ್ಟೇ ಹುಟ್ಟಿದ ಮರಿ, ಅದರ ಪಕ್ಕ ಪಾತ್ರೆ, ಕೆಲವೊಮ್ಮೆ ಕೂಸು. ನಮ್ಮ ಗುಡ್ಡದ ಮಳೆಗೆ ಕುರಿಯ ಗೊರಸು ಕೊಳೆಯುತ್ತದೆ, ಹಾಗಾಗಿ ಮಳೆಗಾಲದಲ್ಲಿ ಅವರು ಮಲೆನಾಡಿನ ಕಡೆ ತಲೆ ಹಾಕುವುದಿಲ್ಲ.

ಅವರ ಜೊತೆ ನಡೆಯುವ, ಸೊಂಟ ಸಣ್ಣಗಿನ ಉದ್ದ ಕಾಲಿನ ನಾಯಿಯ ಹೆಸರಿನಲ್ಲೇ ಒಂದು ಕಥೆಯಿದೆ. ಅಂಚೆ ಇಲಾಖೆ 2005ರಲ್ಲಿ ಚೀಟಿ ತಂದ ನಮ್ಮ ಮುಧೋಳ ನಾಯಿಯನ್ನು ಕೆನಲ್ ಕ್ಲಬ್ಬಿನ ದಾಖಲೆಯಲ್ಲಿ ‘ಕಾರವಾನ್ ಹೌಂಡ್’ ಎಂದು ಬರೆಯುತ್ತಾರೆ. ಕಾರವಾನ್ ಎಂಬುದು ಪಾರಸಿ ಮಾತು. ಸಾಲುಗಟ್ಟಿ ಹೊರಟ ಪಯಣಿಗರ ತಂಡ ಎಂದರ್ಥ. ಡೆಲ್ಲಾ ವಾಲೆ ಮರುಭೂಮಿ ದಾಟಿದ್ದು ಅಂಥ ಕಾರವಾನುಗಳ ನಡುವೆಯೇ. ಒಬ್ಬರೇ ಹೋದರೆ ದರೋಡೆ, ದಾಹ. ಗುಂಪಾಗಿ ಹೋದರೆ ಜೀವ ಉಳಿದೀತು ಎಂಬ ಲೆಕ್ಕಾಚಾರದಿಂದ ಹುಟ್ಟಿದ ಪದ. ಅದೇ ಪದವನ್ನು ಇಂದು ಒಂದೇ ಜೋಡಿ, ಯಾರ ಹಂಗೂ ಇಲ್ಲದೆ ಓಡಿಸುವ ಒಂಟಿ ವ್ಯಾನಿಗೆ ಅಂಟಿಸಿದ್ದೇವೆ.

ಇನ್ನು ಕಬ್ಬಿನ ಮಾತು. ಮಹಾರಾಷ್ಟ್ರದ ಬೀಡ್ ಮೊದಲಾದ ಒಣಸೀಮೆಗಳಿಂದ ಪ್ರತಿ ವರ್ಷ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕಬ್ಬು ಕಡಿಯುವವರು ಪಶ್ಚಿಮ ಮಹಾರಾಷ್ಟ್ರಕ್ಕೂ ನಮ್ಮ ಬೆಳಗಾವಿ, ಬಾಗಲಕೋಟೆಯ ಕಾರ್ಖಾನೆಗಳಿಗೂ ಬರುತ್ತಾರೆ. ಅಲ್ಲಿ ಕೂಲಿಯ ಲೆಕ್ಕ ತಲೆಗಲ್ಲ, ಜೋಡಿಗೆ. ಗಂಡ-ಹೆಂಡತಿ ಸೇರಿ ಒಂದು ‘ಕೊಯ್ತಾ’, ಎಂದರೆ ಒಂದು ಕುಡುಗೋಲು. ಮುಂಗಡ ಹಣ ಆ ಕುಡುಗೋಲಿನ ಮೇಲೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಮಕ್ಕಳು, ಆಡು, ಕೋಳಿ, ಹಾಸಿಗೆ, ಉರುವಲು ತುಂಬಿಕೊಂಡು ಹೊರಟರೆ ಮನೆಗೆ ಮರಳುವುದು ಬೇಸಿಗೆಗೆ. ಕೆಲವರು ಎತ್ತಿನ ಬಂಡಿಯೊಂದಿಗೇ ಬರುತ್ತಾರೆ. ಗಂಡ, ಹೆಂಡತಿ, ಸಾಕಿದ ಪ್ರಾಣಿ, ಟ್ರೇಲರ್: ವ್ಯಾನ್ ಬದುಕಿನ ಜಾಹೀರಾತಿನಲ್ಲಿ ಇರುವುದೆಲ್ಲ ಇಲ್ಲಿಯೂ ಇದೆ. ಇಲ್ಲದ್ದು ಒಂದೇ, ಬೇಡವೆಂದಾಗ ನಿಲ್ಲಿಸುವ ಅಧಿಕಾರ.

ಅದಕ್ಕೇ ನನಗೆ ಒಂದು ವಿಷಯ ಚುಚ್ಚುತ್ತದೆ. ಇಕ್ಕೇರಿಯ ಬಯಲಲ್ಲಿ ಸೋಲಾರ್ ವ್ಯಾನ್ ನಿಂತರೆ ನಾವು ಫೋಟೊ ತೆಗೆಸಿಕೊಳ್ಳುತ್ತೇವೆ, ಮನೆಗೆ ಕರೆದು ತೊಡೆದೇವು ಕೊಡುತ್ತೇವೆ. ಊರ ಹೊರಗೆ ಪ್ಲಾಸ್ಟಿಕ್ ಹೊದಿಸಿದ ಜೋಪಡಿ ಎದ್ದರೆ ರಾತ್ರಿ ಬಾಗಿಲಿಗೆ ಇನ್ನೊಂದು ಅಗುಳಿ ಹಾಕುತ್ತೇವೆ.

ಹೊರಡಲೊಲ್ಲದ ದಂಪತಿ

ಮಲೆನಾಡಿನ ದನ ಕಟ್ಟಿದ ಮನೆಗಳು ಎಂದೂ ಕದಲಲಿಲ್ಲ ಎಂದಲ್ಲ. ಕೆಳದಿಯ ಅರಸರೇ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿ ಹೊತ್ತುಕೊಂಡು ಹೋದರು. ಬಿದನೂರು ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಜನ ಕದಲಿದ್ದು ಶರಾವತಿಗೆ ಅಣೆಕಟ್ಟು ಬಂದಾಗ. ಮೊದಲು ಹಿರೇಭಾಸ್ಕರ, ಆಮೇಲೆ 1964ರಲ್ಲಿ ಲಿಂಗನಮಕ್ಕಿ. ಲಾರಿಗಳಲ್ಲಿ ಬಾಗಿಲು-ಕಂಬ, ಹಂಚು, ಹಂಡೆ, ಕರು, ನಾಯಿ ಎಲ್ಲವನ್ನೂ ಹೇರಿಕೊಂಡು ಸಾವಿರಾರು ಸಂಸಾರಗಳು ಹೊರಟವು. ಗಾಲಿಯ ಮೇಲಿನ ಆ ಮನೆಗೆ ಒಂದೇ ಪಯಣ. ಅವರಲ್ಲಿ ಎಷ್ಟೋ ಜನರ ಹಕ್ಕುಪತ್ರದ ತಕರಾರು ಇವತ್ತಿಗೂ ಮುಗಿದಿಲ್ಲ.

ಸಾಗರದಲ್ಲೇ ಬಾಳಿದ ನಾ. ಡಿಸೋಜ ಈ ಮುಳುಗಡೆಯನ್ನೇ ಕಥೆ-ಕಾದಂಬರಿಗಳಲ್ಲಿ ಬರೆದರು. ಅವರ ‘ದ್ವೀಪ’ವನ್ನು ತೀರ್ಥಹಳ್ಳಿ ತಾಲ್ಲೂಕಿನವರೇ ಆದ ಗಿರೀಶ ಕಾಸರವಳ್ಳಿ ಚಲನಚಿತ್ರ ಮಾಡಿದರು; 2001ರ ಸಾಲಿನ ಅತ್ಯುತ್ತಮ ಚಿತ್ರಕ್ಕಿರುವ ಸ್ವರ್ಣಕಮಲ ಅದಕ್ಕೆ ಬಂತು. ಅದರಲ್ಲಿ ಊರೆಲ್ಲ ಖಾಲಿಯಾದರೂ ಗುಡ್ಡ ಬಿಡದೆ ಉಳಿದ ಗಣಪ ಮತ್ತು ನಾಗಿ ಇದ್ದಾರೆ. ನೀರು ಏರುತ್ತ ಬರುತ್ತದೆ. ಈ ನೆಲದಿಂದ ಹುಟ್ಟಿದ ಹೆಸರುವಾಸಿ ದಂಪತಿಯ ಕಥೆ ಹೊರಟವರದಲ್ಲ, ಹೊರಡಲೊಲ್ಲದವರದು. ಆ ಕಥೆ ಓದಿದವರಿಗೆ ಮದುವೆಗೆ ‘ಇಬ್ರೂ ಬರೋಕಾಗಲ್ಲ’ ಎನ್ನುವವರ ಮನಸ್ಸು ಸ್ವಲ್ಪ ಬೇರೆ ಬೆಳಕಿನಲ್ಲಿ ಕಂಡೀತು. ಬೇಸರ ಅದರಲ್ಲಿ ಇದ್ದೇ ಇದೆ, ಒಂದಿಷ್ಟು ಹೆಮ್ಮೆಯೂ ಇದೆ.

ಈಗ ಕೊಟ್ಟಿಗೆಗಳು ಖಾಲಿಯಾಗುತ್ತಿವೆ. ಮಕ್ಕಳು ಬೆಂಗಳೂರಿನಲ್ಲಿ, ಹಾಲು ಪ್ಯಾಕೆಟ್ಟಿನಲ್ಲಿ. ಗೂಟ ಕಿತ್ತ ಮೇಲೆ ಅಪ್ಪ-ಅಮ್ಮ ಮೊದಲ ಬಾರಿಗೆ ಒಟ್ಟಿಗೆ ಕಾಶಿಗೆ ಹೋಗಿ ಬಂದ ಮನೆಗಳನ್ನು ನಾನು ಕಂಡಿದ್ದೇನೆ. ಮೈಸೂರಿನ ಕೃಷ್ಣಕುಮಾರ್ 2018ರ ಜನವರಿಯಲ್ಲಿ ಕೆಲಸ ಬಿಟ್ಟು, ಅಪ್ಪ ಕೊಡಿಸಿದ ಹಳೆಯ ಚೇತಕ್ ಸ್ಕೂಟರಿನಲ್ಲಿ ಅಮ್ಮ ಚೂಡಾರತ್ನ ಅವರನ್ನು ಕೂರಿಸಿಕೊಂಡು ದೇಶ ತೋರಿಸಲು ಹೊರಟದ್ದು ಇಡೀ ಕರ್ನಾಟಕಕ್ಕೆ ಗೊತ್ತು. ಪಕ್ಕದ ಬೇಲೂರು-ಹಳೇಬೀಡನ್ನೂ ನೋಡಿಲ್ಲ ಎಂದು ಆ ತಾಯಿ ಹೇಳಿದ ಮಾತೇ ಅದಕ್ಕೆ ಕಾರಣ. ಅಂಥ ಅಮ್ಮಂದಿರು ನಮ್ಮ ಹೋಬಳಿಗೊಬ್ಬರಲ್ಲ, ಕೇರಿಗೊಬ್ಬರು ಸಿಕ್ಕಾರು.

ವ್ಯಾನು ತರುವವರಿಗೆ

ಹೊಸ ವ್ಯಾನುಗಳಲ್ಲಿ ನಾಯಿ-ಬೆಕ್ಕು ಎಳೆಯುವುದೂ ಇಲ್ಲ, ಕಟ್ಟಿಹಾಕುವುದೂ ಇಲ್ಲ. ಅವು ಕೂತು ಬರುವ ಜೀವಗಳು, ಡೆಲ್ಲಾ ವಾಲೆ ಒಯ್ಯಬಯಸಿದ ಬೆಕ್ಕಿನ ಹಾಗೆ. ಲಂಬಾಣಿಯ ಎತ್ತಿಗೆ ದಾರಿ ಗೊತ್ತಿತ್ತು, ಕುರುಬರ ನಾಯಿಗೆ ತೋಳದ ವಾಸನೆ ಗೊತ್ತಿತ್ತು. ಫ್ಲಾಟಿನ ನಾಯಿಗೆ ಮಲೆನಾಡು ಪರಲೋಕ. ಆದ್ದರಿಂದ ಜವಾಬ್ದಾರಿ ಪೂರ್ತಿ ಮನುಷ್ಯರದು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಹಳೆಯ ವ್ಯಾನನ್ನು ಗ್ಯಾರೇಜಿನಲ್ಲಿ ಕೊರೆದು ಮನೆ ಮಾಡಿಕೊಂಡರೆ ಆಯಿತು ಎನ್ನುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆಯಾಗುವಂತೆ ಬಂಡಿಯನ್ನು ಬದಲಿಸುವುದು ತಪ್ಪು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿದೆ. ಮೋಟಾರ್ ಕಾರವಾನುಗಳಿಗೆಂದೇ ಎಐಎಸ್-124 ಎಂಬ ಮಾನದಂಡವಿದೆ. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ದಾಟಿ ಇಟ್ಟರೆ ಅಲ್ಲಿನ ನೋಂದಣಿ ಬೇಕು. ಎಳೆದೊಯ್ಯುವ ಟ್ರೇಲರ್ ಅಂತೂ ನಮ್ಮ ಘಾಟಿಗಳಿಗೆ ಹೇಳಿ ಮಾಡಿಸಿದ್ದಲ್ಲ. ಆಗುಂಬೆ ಘಾಟಿಯ ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ದೊಡ್ಡ ಬಸ್ಸು-ಲಾರಿಗೇ ಅವಕಾಶವಿಲ್ಲ. ಶರಾವತಿ ಹಿನ್ನೀರಿನ ಕಡೆ ಮಾತ್ರ ಒಂದು ಅನುಕೂಲವಾಗಿದೆ: ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಎರಡೂವರೆ ಕಿಲೋಮೀಟರಿನಷ್ಟು ಉದ್ದದ ಸಿಗಂದೂರು ಸೇತುವೆ 2025ರ ಜುಲೈ 14ರಂದು ಉದ್ಘಾಟನೆಯಾದ ಮೇಲೆ ಲಾಂಚಿಗೆ ಕಾಯುವ ಕೆಲಸ ತಪ್ಪಿದೆ.

ನಿಜವಾಗಿ ಹೇಳಬೇಕಾದ್ದು ಉಣುಗಿನ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು, ಜನರಿಗೂ ಜ್ವರ ತಗುಲಿದಾಗ ಪತ್ತೆಯಾದ ರೋಗಕ್ಕೆ ಲೋಕದ ವೈದ್ಯಪುಸ್ತಕಗಳಲ್ಲಿ ಆ ಪುಟ್ಟ ಊರಿನದೇ ಹೆಸರು. ನಾವು ಮಂಗನ ಕಾಯಿಲೆ ಎನ್ನುತ್ತೇವೆ. ಕಾಡಿನ ಉಣುಗು ಕಚ್ಚುವುದರಿಂದ ಬರುತ್ತದೆ. ಮರಿ ಉಣುಗು ತರಗೆಲೆಯಲ್ಲಿ ಹೆಚ್ಚುವುದು ಮಳೆ ನಿಂತ ಮೇಲೆ, ಹೆಚ್ಚುಕಡಿಮೆ ಡಿಸೆಂಬರಿನಿಂದ ಮೇವರೆಗೆ. ಪ್ರವಾಸಿಗರಿಗೆ ಮಲೆನಾಡು ಹಿತವೆನಿಸುವುದೂ ಅದೇ ತಿಂಗಳುಗಳಲ್ಲಿ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಹಲವರು ಇದರಿಂದ ಸತ್ತರು. ಮೊದಲು ಕೊಡುತ್ತಿದ್ದ ಲಸಿಕೆ 2022ರಲ್ಲಿ ನಿಂತಿದೆ. ದರಗು ಗುಡಿಸಿ ಕೊಟ್ಟಿಗೆಗೆ ತರುವ ನಮ್ಮ ಹೆಂಗಸರಿಗೆ, ಕಾಡಿಗೆ ಹೋಗಿ ಬರುವ ದನ ಸಾಕುವ ಮನೆಗಳಿಗೆ ಇದು ವರ್ಷವರ್ಷದ ಅಂಜಿಕೆ. ವ್ಯಾನಿನವರ ನಾಯಿ ತರಗೆಲೆಯಲ್ಲಿ ಹೊರಳಾಡಿ ಬಂದು ಮಲಗುವುದು ಕೊಟ್ಟಿಗೆಯಲ್ಲಿ ಅಲ್ಲ, ಅವರದೇ ಹಾಸಿಗೆಯಲ್ಲಿ.

ಹಾಗಾಗಿ ಡಿಸೆಂಬರಿನಿಂದ ಮೇವರೆಗೆ ಇತ್ತ ಬರುವುದಾದರೆ ಕಾಡಿನಂಚಿನಲ್ಲಿ ವ್ಯಾನ್ ನಿಲ್ಲಿಸಬೇಡಿ, ನಾಯಿಯನ್ನು ದರಗಿನ ಮೇಲೆ ಬಿಡಬೇಡಿ. ಹೊರಡುವ ಮುಂಚೆಯೇ ಪಶುವೈದ್ಯರಿಂದ ಅದಕ್ಕೆ ಉಣುಗಿನ ಔಷಧಿ ಹಾಕಿಸಿ. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಕೇಂದ್ರಗಳಲ್ಲಿ ಸಿಗುವ ಡೆಪಾ ಎಣ್ಣೆ ಮನುಷ್ಯರಿಗೆ, ನಾಯಿಗಲ್ಲ. ಸಂಜೆ ಅದರ ಕಿವಿಯ ಸಂದು, ಬೆರಳಿನ ಸಂದು, ಕತ್ತಿನ ಪಟ್ಟಿಯ ಅಡಿ ನೋಡಿ. ನಿಮ್ಮ ಮೈಯನ್ನೂ ನೋಡಿಕೊಳ್ಳಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ. ಉಣುಗು ಕಂಡರೆ ಬೆರಳಲ್ಲಿ ಹಿಸುಕದೆ, ಚಿಮ್ಮಟದಲ್ಲಿ ಚರ್ಮದ ಬುಡಕ್ಕೇ ಹಿಡಿದು ನೇರವಾಗಿ ಎಳೆಯಿರಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಊರಿನ ಆಶಾ ಕಾರ್ಯಕರ್ತೆಗೋ ಆರೋಗ್ಯ ಕೇಂದ್ರಕ್ಕೋ ತಿಳಿಸಿ. ಇಲ್ಲಿಂದ ಹೋದ ಒಂದೆರಡು ವಾರದಲ್ಲಿ ಜ್ವರ, ತಲೆನೋವು, ಮೈಕೈ ನೋವು ಶುರುವಾದರೆ, ನೀವಾಗ ರಾಜಸ್ಥಾನದಲ್ಲಿದ್ದರೂ ಸರಿ, ಶಿವಮೊಗ್ಗ ಜಿಲ್ಲೆಯ ಕಾಡಿನಲ್ಲಿದ್ದು ಬಂದೆ ಎಂದು ಡಾಕ್ಟರಿಗೆ ಮೊದಲೇ ಹೇಳಿ.